ವರ್ಚುಯಲ್ ಟೇಪಿನ ಸೆಟ್ಟಿಂಗ್ ಅಸಲಿ ಡ್ರೈವ್‌ಗೆ ಹೊಂದಿಸುವುದು ಹೇಗೆ? ಎಲ್‌ಟಿಒ-6ರಿಂದ 8ಕ್ಕೆ ಹೋಗುತ್ತಿದ್ದೇವೆ

ಕಡಲತಡಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಆಫೀಸಿನಲ್ಲಿ ಬ್ಯಾಕಪ್ ನೋಡಿಕೊಳ್ಳುತ್ತೇನೆ. ಈ ಕೆಲಸಕ್ಕೆ ನಾನೊಬ್ಬನೇ, ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ವಿಟಿಎಲ್ (ವರ್ಚುಯಲ್ ಟೇಪ್ ಲೈಬ್ರರಿ) ಬಾಕ್ಸ್ ಇದೆ. ಒಳಗಿರುವುದು ಡಿಸ್ಕು. ಆದರೆ ಬ್ಯಾಕಪ್ ಸಾಫ್ಟ್‌ವೇರ್ ಕಣ್ಣಿಗೆ ಅದು ಟೇಪ್ ಲೈಬ್ರರಿ. ಅದರಲ್ಲಿ 4 ವರ್ಚುಯಲ್ ಡ್ರೈವ್, ಎಲ್ಲವೂ ಎಲ್‌ಟಿಒ-6 (ಎಲ್‌ಟಿಒ ಅಂದರೆ ಬ್ಯಾಕಪ್ ಟೇಪಿನ ಒಂದು ಜಾತಿ, ಸಂಖ್ಯೆ ಅದರ ತಲೆಮಾರು). ವರ್ಚುಯಲ್ ಟೇಪುಗಳು 40, ಒಂದೊಂದರ ಅಳತೆ 2500 ಜಿಬಿ. ವಾರದ ಕೊನೆಗೆ ಅವುಗಳಲ್ಲಿ ಕೆಲವನ್ನು ಅಸಲಿ ಟೇಪಿಗೆ ಇಳಿಸಿ ಬೇರೆ ಕಟ್ಟಡದ ಲಾಕರಿಗೆ ಕಳಿಸುತ್ತೇವೆ. ಇಷ್ಟು ದಿನ ಅಸಲಿ ಲೈಬ್ರರಿಯೂ ಎಲ್‌ಟಿಒ-6 ಆಗಿತ್ತು. ಈಗ 2 ಡ್ರೈವಿನ ಎಲ್‌ಟಿಒ-8 ಲೈಬ್ರರಿ ಬಂದಿದೆ.

ನನ್ನ ಪ್ರಶ್ನೆಗಳು:

ವರ್ಚುಯಲ್ ಡ್ರೈವುಗಳನ್ನೂ ಎಲ್‌ಟಿಒ-8 ಮಾಡಲೇಬೇಕಾ? ಟೇಪಿನ ಅಳತೆ 12 ಟಿಬಿ ಅಂತ ಹಾಕಿದರೆ ಸಾಕಾ? ಅಸಲಿ ಡ್ರೈವ್ ಎರಡೇ ಇರುವಾಗ ವರ್ಚುಯಲ್ ಕೂಡ ಎರಡೇ ಇಡಬೇಕಾ?

ಇನ್ನೊಂದು ವಿಷಯ. ಹಳೆಯ ಲೈಬ್ರರಿಯಲ್ಲೇ ಒಂದು ತೊಂದರೆ ಇತ್ತು. ಕೆಲವು ಟೇಪುಗಳು ಮಾತ್ರ ಇಳಿಸುವಾಗ ಕೊನೆಯಲ್ಲಿ ಫೇಲ್ ಆಗುತ್ತಿದ್ದವು. ಗಂಟೆಗಟ್ಟಲೆ ಓಡಿ, ಇನ್ನೇನು ಮುಗಿಯಿತು ಅನ್ನುವಾಗ ಜಾಗ ಇಲ್ಲ ಅಂತ ಬರುತ್ತಿತ್ತು. ಕಾರ್ಟ್ರಿಜ್ ಬದಲಿಸಿ ನೋಡಿದೆ. ಡ್ರೈವ್ ಕ್ಲೀನ್ ಮಾಡಿಸಿದೆ. ಏನೂ ಆಗಲಿಲ್ಲ. ಹೊಸದರಲ್ಲೂ ಇದೇ ಕಥೆ ಆಗಬಾರದು ಅಂತ ನನ್ನ ಚಿಂತೆ.

ಹಳೇಟೇಪು · ಸೋಮವಾರ, ರಾತ್ರಿ 10:15

ಇಳಿಸುವ ಕೆಲಸ ಯಾರು ಮಾಡುತ್ತಾರೆ? ಬ್ಯಾಕಪ್ ಸಾಫ್ಟ್‌ವೇರಾ, ಅಥವಾ ವಿಟಿಎಲ್ ಬಾಕ್ಸೇ ನೇರವಾಗಿ ಲೈಬ್ರರಿಗೆ ಬರೆಯುತ್ತದಾ? ಇದು ಗೊತ್ತಾಗದೆ ನಿಮ್ಮ ಯಾವ ಪ್ರಶ್ನೆಗೂ ಉತ್ತರ ಹೇಳಲಾಗುವುದಿಲ್ಲ.

ಸಾಫ್ಟ್‌ವೇರ್ ಮಾಡುವುದಾದರೆ ಅದು ವರ್ಚುಯಲ್ ಟೇಪಿನಿಂದ ಬ್ಯಾಕಪ್ ಇಮೇಜನ್ನು ಓದಿ, ಬೇರೊಂದು ಟೇಪಿಗೆ ಎರಡನೇ ಪ್ರತಿ ಅಂತ ಬರೆಯುತ್ತದೆ. ಆಗ ಎರಡು ಟೇಪಿಗೂ ಬೇರೆ ಬೇರೆ ಬಾರ್‌ಕೋಡ್. ಒಂದರ ಅಳತೆಗೂ ಇನ್ನೊಂದರ ಅಳತೆಗೂ ಸಂಬಂಧ ಇಲ್ಲ. ಹತ್ತು ಸಣ್ಣ ವರ್ಚುಯಲ್ ಟೇಪಿನ ಸರಕು ಒಂದೇ ದೊಡ್ಡ ಟೇಪಿನಲ್ಲಿ ಕೂರಬಹುದು.

ಬಾಕ್ಸೇ ಮಾಡುವುದಾದರೆ ಒಂದು ವರ್ಚುಯಲ್ ಟೇಪಿಗೆ ಒಂದು ಅಸಲಿ ಟೇಪು. ಅದೇ ಬಾರ್‌ಕೋಡ್, ಅದೇ ಬ್ಲಾಕುಗಳು (ಟೇಪಿಗೆ ಒಂದು ಸಲಕ್ಕೆ ಬರೆಯುವ ಡೇಟಾದ ತುಂಡುಗಳು), ಇದ್ದ ಹಾಗೇ ನಕಲು. ಸಾಫ್ಟ್‌ವೇರಿಗೆ ಅಲ್ಲಿ ಎರಡು ಟೇಪು ಇದೆ ಅಂತಲೇ ಗೊತ್ತಿರುವುದಿಲ್ಲ. ಹೊಂದಿಸಬೇಕು ಅನ್ನುವ ಮಾತು ಬರುವುದು ಇಲ್ಲಿ.

ಕಡಲತಡಿ · ಸೋಮವಾರ, ರಾತ್ರಿ 10:32

ಬಾಕ್ಸೇ ನೇರವಾಗಿ ಬರೆಯುತ್ತದೆ ಸರ್. ಫೈಬರ್ ಚಾನೆಲ್‌ನಲ್ಲಿ ಲೈಬ್ರರಿ ನೇರ ಬಾಕ್ಸಿಗೇ ಸೇರಿದೆ. ಬಾರ್‌ಕೋಡ್ ಎರಡೂ ಕಡೆ ಒಂದೇ.

ಸಾಧನಕೇರಿ · ಸೋಮವಾರ, ರಾತ್ರಿ 11:05

ಧಾರವಾಡದಿಂದ ನಾನು. ನಿಮ್ಮ ಹಳೆಯ ತೊಂದರೆಯ ಕಾರಣ ನಿಮ್ಮ ಮೊದಲ ಪೋಸ್ಟಿನಲ್ಲೇ ಇದೆ ಅನ್ನಿಸುತ್ತಿದೆ. 2500 ಅಂತ ಹಾಕಿದ್ದೀರಿ ಅಲ್ವಾ, ಆ ಜಾಗದಲ್ಲಿ ಬಾಕ್ಸ್ ಕೇಳಿದ್ದು ಯಾವ ಜಿಬಿ?

ಟೇಪ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಎಲ್‌ಟಿಒ-6ರ 2.5 ಟಿಬಿ ಅಂದರೆ 2500 ಸಾವಿರದ-ಲೆಕ್ಕದ ಜಿಬಿ. ಆದರೆ ಎಷ್ಟೋ ಬಾಕ್ಸುಗಳ ಸ್ಕ್ರೀನಿನಲ್ಲಿ ಜಿಬಿ ಅಂತ ಬರೆದಿದ್ದರೂ ಒಳಗೆ ಎಣಿಸುವುದು 1024ರ ಲೆಕ್ಕ. ಆ ಲೆಕ್ಕದಲ್ಲಿ 2500 ಅಂದರೆ 2684 ಜಿಬಿ ಆಯಿತು. ಅಂದರೆ ನಿಮ್ಮ ವರ್ಚುಯಲ್ ಟೇಪು ಅಸಲಿ ಟೇಪಿಗಿಂತ 184 ಜಿಬಿ ದೊಡ್ಡದು. ಡ್ರೈವ್ ಪೂರ್ತಿ ವೇಗದಲ್ಲಿ, ಸೆಕೆಂಡಿಗೆ 160 ಎಂಬಿ ಬರೆದರೂ ಆ 184 ಜಿಬಿಗೆ ಹತ್ತೊಂಬತ್ತು ನಿಮಿಷ ಬೇಕು. ಕೊನೆಯಲ್ಲಿ ಫೇಲ್ ಆಗುತ್ತದೆ ಅಂದಿರಲ್ಲ, ಅದು ಈ ಕೊನೆ.

1024ರ ಲೆಕ್ಕದಲ್ಲಿ ಎಲ್‌ಟಿಒ-6ರಲ್ಲಿ ಹಿಡಿಯುವುದು 2328 ಮಾತ್ರ. ಎಲ್‌ಟಿಒ-8ರ 12 ಟಿಬಿ ಆ ಲೆಕ್ಕಕ್ಕೆ 11175. ಈ ಸಲ ದಯವಿಟ್ಟು 12000 ಅಂತ ಹಾಕಬೇಡಿ.

ಕಡಲತಡಿ · ಸೋಮವಾರ, ರಾತ್ರಿ 11:20

ಮೇಡಂ, ಈಗಲೇ ಲಾಗಿನ್ ಆಗಿ ನೋಡಿದೆ. ಹೆಲ್ಪ್ ಪುಟದಲ್ಲಿ ಸಣ್ಣಕ್ಷರದಲ್ಲಿ 1 ಜಿಬಿ ಅಂದರೆ 1024 ಎಂಬಿ ಅಂತಲೇ ಇದೆ. ಎರಡು ವರ್ಷ ಇದನ್ನು ನಾನು ನೋಡಿರಲಿಲ್ಲ.

ಆದರೆ ಒಂದು ಅರ್ಥ ಆಗಲಿಲ್ಲ. ಎಲ್ಲ ಟೇಪೂ ಫೇಲ್ ಆಗಬೇಕಿತ್ತು ಅಲ್ವಾ? ಡೇಟಾಬೇಸಿನ ಟೇಪುಗಳು ತುಂಬಿದ್ದರೂ ಸರಿಯಾಗಿ ಇಳಿಯುತ್ತಿದ್ದವು. ಫೇಲ್ ಆಗುತ್ತಿದ್ದದ್ದು ಸ್ಕ್ಯಾನ್ ಮಾಡಿದ ದಾಖಲೆಗಳ ಟೇಪುಗಳು.

ಸಾಧನಕೇರಿ · ಸೋಮವಾರ, ರಾತ್ರಿ 11:31

ಅದೇ ಸಾಕ್ಷಿ. ಅಸಲಿ ಡ್ರೈವ್ ಬರೆಯುವಾಗ ಕಂಪ್ರೆಸ್ ಮಾಡುತ್ತದೆ. ಡೇಟಾಬೇಸ್ ಚೆನ್ನಾಗಿ ಕುಗ್ಗುತ್ತದೆ, ಹಾಗಾಗಿ 2684 ಜಿಬಿ ಸಲೀಸಾಗಿ ಕೂತಿತು. ಸ್ಕ್ಯಾನಿನ ಚಿತ್ರಗಳು ಮೊದಲೇ ಕುಗ್ಗಿದವು. ಡ್ರೈವ್‌ಗೆ ಇನ್ನು ಹಿಂಡಲು ಏನೂ ಉಳಿದಿಲ್ಲ. ಎನ್‌ಕ್ರಿಪ್ಟ್ ಆದ ಡೇಟಾ, ವಿಡಿಯೋ ಇವೂ ಹಾಗೆಯೇ.

ಡಬ್ಬದ ಮೇಲೆ ಬರೆದ ದೊಡ್ಡ ಅಂಕಿ ನಂಬಿ ಯಾರೂ ಅಳತೆ ಹಾಕಬಾರದು. ಎಲ್‌ಟಿಒ-8ರ ಮೇಲೆ 30 ಟಿಬಿ ಅಂತ ಇರುತ್ತದೆ. ಅದು ಎರಡೂವರೆ ಪಟ್ಟು ಕುಗ್ಗುತ್ತದೆ ಅಂತ ಊಹಿಸಿದ ಅಂಕಿ. ಎಲ್‌ಟಿಒ-5ರ ತನಕ ಎರಡು ಪಟ್ಟು ಅಂತ ಹಾಕುತ್ತಿದ್ದರು. 6ರಿಂದ ಎರಡೂವರೆ ಅಂತ ಮಾಡಿದರು. ನಿಮ್ಮ ಡೇಟಾ ಎಷ್ಟು ಕುಗ್ಗುತ್ತದೆ ಅಂತ ಡಬ್ಬಕ್ಕೆ ಹೇಗೆ ಗೊತ್ತು?

ಹಳೇಟೇಪು · ಮಂಗಳವಾರ, ಬೆಳಿಗ್ಗೆ 7:50

ಮೇಡಂ ಹೇಳಿದ್ದು ಸರಿ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ.

ಒಂದು, ಪೂರ್ತಿ 11175 ಕೂಡ ಹಾಕಬೇಡಿ. ಎಲ್‌ಟಿಒ ಡ್ರೈವ್ ಬರೆದ ತಕ್ಷಣ ತಾನೇ ಓದಿ ನೋಡುತ್ತದೆ. ಸರಿಯಾಗಿ ಕೂರದ ಭಾಗವನ್ನು ಮುಂದೆ ಮತ್ತೊಮ್ಮೆ ಬರೆಯುತ್ತದೆ. ಟೇಪು ಹಳೆಯದಾದಷ್ಟೂ, ಹೆಡ್ ಕೊಳೆಯಾದಷ್ಟೂ ಇದು ಜಾಸ್ತಿ. ಆ ಜಾಗ ನಿಮ್ಮ ಲೆಕ್ಕದಿಂದಲೇ ಹೋಗುವುದು. ನಾನು ನೂರಕ್ಕೆ ಐದು ಬಿಡುತ್ತೇನೆ. ನಿಮಗೆ 10600 ಸರಿಹೋಗುತ್ತದೆ.

ಎರಡು, ನಿಮ್ಮ ವರ್ಚುಯಲ್ ಡ್ರೈವಿನಲ್ಲಿ ಕಂಪ್ರೆಷನ್ ಅನ್ನುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಕೆಲವು ಬಾಕ್ಸುಗಳು ಅಸಲಿ ಡ್ರೈವಿನ ಹಾಗೆ ನಟಿಸುತ್ತವೆ. ಕುಗ್ಗಿಸಿದ ಮೇಲಿನ ಅಳತೆಯನ್ನೇ ಟೇಪಿನ ತುಂಬುವಿಕೆ ಅಂತ ಎಣಿಸುತ್ತವೆ. ಆಗ 10600ರ ಟೇಪಿನಲ್ಲಿ 16000ದಷ್ಟು ಕಚ್ಚಾ ಡೇಟಾ ಕೂತಿರಬಹುದು. ಅಸಲಿ ಡ್ರೈವಿನ ಕುಗ್ಗಿಸುವ ವಿಧಾನ ಬೇರೆ. ಬಾಕ್ಸ್ ಎಷ್ಟು ಕುಗ್ಗಿಸಿತೋ ಅಷ್ಟೇ ಇದೂ ಕುಗ್ಗಿಸುತ್ತದೆ ಅಂತ ಖಾತ್ರಿ ಇಲ್ಲ. ವರ್ಚುಯಲ್ ಕಡೆ ಆಫ್ ಮಾಡಿ, ಅಸಲಿ ಕಡೆ ಆನ್ ಇಡಿ. ಬಾಕ್ಸಿನೊಳಗಿನ ಡಿಡ್ಯೂಪ್ (ಅದೇ ಡೇಟಾ ಮತ್ತೆ ಬಂದರೆ ಒಂದೇ ಪ್ರತಿ ಇಡುವುದು) ಮತ್ತು ಅದರ ಸ್ವಂತ ಕುಗ್ಗಿಸುವಿಕೆ ಬೇರೆ ವಿಷಯ. ಅದರ ತಂಟೆಗೆ ಹೋಗಬೇಡಿ.

ಇನ್ನು ಡ್ರೈವಿನ ಜಾತಿ. ನೇರ ನಕಲಿನಲ್ಲಿ ಬಾರ್‌ಕೋಡ್ ಒಂದೇ ಇರಬೇಕಲ್ಲ? ಎಂಟು ಅಕ್ಷರದ ಬಾರ್‌ಕೋಡಿನಲ್ಲಿ ಕೊನೆಯ ಎರಡು ಟೇಪಿನ ತಲೆಮಾರು ಹೇಳುತ್ತವೆ. ಎಲ್6, ಎಲ್8 ಹೀಗೆ. ವರ್ಚುಯಲ್ ಟೇಪು ಎಲ್6 ಅಂತ ಉಳಿದರೆ ಅಸಲಿ ಎಲ್‌ಟಿಒ-8 ಕಾರ್ಟ್ರಿಜ್ ಮೇಲೂ ಎಲ್6 ಲೇಬಲ್ ಅಂಟಿಸಬೇಕಾಗುತ್ತದೆ. ಆ ಲೇಬಲ್ ಓದಿದ ಲೈಬ್ರರಿ ಇದು ಈ ಡ್ರೈವ್‌ಗೆ ಆಗದ ಟೇಪು ಅಂತ ಲೋಡೇ ಮಾಡದಿರಬಹುದು. ಆದ್ದರಿಂದ ನಿಮ್ಮ ವಿಷಯದಲ್ಲಿ ಹೌದು, ಎಲ್‌ಟಿಒ-8 ಮಾಡಿ. ಹಳೆಯ ವರ್ಚುಯಲ್ ಲೈಬ್ರರಿ ತಿದ್ದಬೇಡಿ. ಪಕ್ಕದಲ್ಲಿ ಹೊಸದೊಂದು ಮಾಡಿ.

ಡ್ರೈವಿನ ಸಂಖ್ಯೆ ಹೊಂದಿಸುವ ಅಗತ್ಯ ಇಲ್ಲವೇ ಇಲ್ಲ. ವಿಟಿಎಲ್ ತಂದದ್ದೇ ಒಂದೇ ಸಲಕ್ಕೆ ಹತ್ತು ಸರ್ವರ್ ಬರೆಯಲಿ ಅಂತ. ನಾಲ್ಕು ಸಾಲದಿದ್ದರೆ ಎಂಟು ಮಾಡಿ. ಒಂದು ಡ್ರೈವಿಗೆ ಒಂದೇ ಜಾಬ್ ಕೊಡಿ. ಹಲವು ಜಾಬುಗಳನ್ನು ಒಂದೇ ಟೇಪಿನಲ್ಲಿ ಹೆಣೆದು ಬರೆಯುವ ಮಲ್ಟಿಪ್ಲೆಕ್ಸಿಂಗ್ ಅಸಲಿ ಟೇಪಿನ ಕಾಲಕ್ಕೆ ಬೇಕಿತ್ತು. ಡಿಡ್ಯೂಪ್ ಇರುವ ಕಡೆ ಅದು ಹಾಳು ಮಾಡುವುದೇ ಜಾಸ್ತಿ.

ರ‍್ಯಾಕ್7 · ಮಂಗಳವಾರ, ಬೆಳಿಗ್ಗೆ 10:10

ಇಷ್ಟೆಲ್ಲ ಯಾಕೆ? ಎಲ್ಲ ವರ್ಚುಯಲ್ ಟೇಪನ್ನೂ 10600 ಮಾಡಿ ಮುಗಿಸಿ. ಒಂದೇ ಅಳತೆ, ಒಂದೇ ಪೂಲ್ (ಟೇಪುಗಳ ಗುಂಪು), ತಲೆನೋವಿಲ್ಲ.

ಹಳೇಟೇಪು · ಮಂಗಳವಾರ, ಮಧ್ಯಾಹ್ನ 1:25

ಇದನ್ನು ನಾನು ಒಪ್ಪುವುದಿಲ್ಲ ಅಣ್ಣ.

ಟೇಪಿನಲ್ಲಿ ಒಂದು ಗುಣ ಇದೆ. ಮಧ್ಯದ ಒಂದು ಬ್ಯಾಕಪ್ ಅವಧಿ ಮುಗಿದರೆ ಆ ಜಾಗ ವಾಪಸ್ ಸಿಗುವುದಿಲ್ಲ. ಟೇಪಿನಲ್ಲಿರುವ ಕೊನೆಯ ಬ್ಯಾಕಪ್ ಅವಧಿಯೂ ಮುಗಿಯಬೇಕು. ಆಮೇಲೇ ಇಡೀ ಟೇಪು ಖಾಲಿ. ವರ್ಚುಯಲ್ ಟೇಪೂ ಹಾಗೆಯೇ ನಡೆದುಕೊಳ್ಳುತ್ತದೆ. ಈಗ ದಿನದ ಬ್ಯಾಕಪ್‌ಗೆ 10600ರ ಟೇಪು ಕೊಟ್ಟರೆ ಅದು ತುಂಬಲು ವಾರಗಳೇ ಬೇಕು. ಮೊದಲ ದಿನದ ಬ್ಯಾಕಪ್ ಎಂದೋ ಸತ್ತಿರುತ್ತದೆ. ಆದರೂ ಕೊನೆಯದು ಬದುಕಿದೆ ಅಂತ ಡಿಸ್ಕಿನಲ್ಲಿ ಕೂತೇ ಇರುತ್ತದೆ. ಸಣ್ಣ ಟೇಪು, 200 ಅಥವಾ 400, ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ರೀಸ್ಟೋರ್ ಮಾಡುವಾಗ ಒಂದು ಟೇಪನ್ನು ಒಂದು ಜಾಬ್ ಹಿಡಿದುಕೊಂಡರೆ ಬೇರೆಯವರು ಕಾಯಬೇಕು. ಸಣ್ಣದಾದರೆ ಆ ಜಗಳವೂ ಕಡಿಮೆ.

ಹಾಗಂತ ಸಣ್ಣ ವರ್ಚುಯಲ್ ಟೇಪನ್ನು ನೇರ ನಕಲಿಗೆ ಕೊಟ್ಟರೆ 12 ಟಿಬಿಯ ಕಾರ್ಟ್ರಿಜಿನಲ್ಲಿ 400 ಜಿಬಿ ಬರೆದು ಉಳಿದದ್ದು ಖಾಲಿ. ದುಡ್ಡು ದಂಡ. ಕೆಲವು ಬಾಕ್ಸುಗಳು ಹಲವು ವರ್ಚುಯಲ್ ಟೇಪುಗಳನ್ನು ಒಂದೇ ಅಸಲಿ ಟೇಪಿನಲ್ಲಿ ಪೇರಿಸಿ ಕೊಡುತ್ತವೆ. ಆದರೆ ಹಾಗೆ ಪೇರಿಸಿದ ಟೇಪನ್ನು ಬ್ಯಾಕಪ್ ಸಾಫ್ಟ್‌ವೇರ್ ನೇರವಾಗಿ ಓದಲಾರದು. ಮೊದಲು ಬಾಕ್ಸಿಗೇ ವಾಪಸ್ ಏರಿಸಬೇಕು. ಬಾಕ್ಸೇ ಸುಟ್ಟುಹೋದ ದಿನ ಏನು ಮಾಡುತ್ತೀರಿ?

ಕಡಲತಡಿ ಅವರೇ, ಎರಡು ವರ್ಚುಯಲ್ ಲೈಬ್ರರಿ ಮಾಡಿ. ದಿನದ ಬ್ಯಾಕಪ್‌ಗೆ ಸಣ್ಣ ಟೇಪಿನದು. ಅದು ಅಸಲಿ ಟೇಪಿಗೆ ಇಳಿಯುವುದೇ ಇಲ್ಲ. ಲಾಕರಿಗೆ ಹೋಗುವ ಬ್ಯಾಕಪ್‌ಗೆ ಮಾತ್ರ ಎಲ್‌ಟಿಒ-8 ಗುರುತಿನ, 10600ರ ಟೇಪಿನದು. ಹೊಂದಿಸಬೇಕಾದದ್ದು ಕೆಳಗೆ ಇಳಿಯುವುದನ್ನು ಮಾತ್ರ. ಇಳಿಯದ್ದನ್ನು ಸುಮ್ನೆ ಹೊಂದಿಸಲು ಹೋಗಿ ಡಿಸ್ಕ್ ತುಂಬಿಸಿಕೊಳ್ಳಬೇಡಿ.

ದೂರದೂರು · ಮಂಗಳವಾರ, ಸಂಜೆ 6:40

ಈ ಮಾತಿಗೆ ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ನಾನು ಕೆಲಸ ಮಾಡುವ ಕಡೆ ಅಮೆಜಾನ್‌ನ ಟೇಪ್ ಗೇಟ್‌ವೇ ಬಳಸುತ್ತೇವೆ. ಅದು ತೋರಿಸುವ ಡ್ರೈವ್ ಐಬಿಎಂನ ಎಲ್‌ಟಿಒ-5. ಅಸಲಿ ಎಲ್‌ಟಿಒ-5 ಟೇಪು ಹಿಡಿಯುವುದು 1.5 ಟಿಬಿ. ಆದರೆ ಗೇಟ್‌ವೇಯಲ್ಲಿ ಒಂದು ವರ್ಚುಯಲ್ ಟೇಪನ್ನು 100 ಜಿಬಿಯಿಂದ 15 ಟಿಬಿ ತನಕ ಮಾಡಿಕೊಳ್ಳಬಹುದು, ಅದೂ 1024ರ ಲೆಕ್ಕದಲ್ಲಿ. ಅಲ್ಲಿ ಕೆಳಗೆ ಅಸಲಿ ಟೇಪೇ ಇಲ್ಲ. ಡೇಟಾ ಹೋಗುವುದು ಅವರ ಕ್ಲೌಡ್ ಸಂಗ್ರಹಕ್ಕೆ. ಎಲ್‌ಟಿಒ-5 ಅನ್ನುವುದು ಸಾಫ್ಟ್‌ವೇರಿಗೆ ಯಾವ ಡ್ರೈವರ್ ಹಾಕಬೇಕು ಅಂತ ಹೇಳುವ ಹೆಸರು ಅಷ್ಟೇ. ಹೆಸರಿಗೂ ಹೊಟ್ಟೆಗೂ ಸಂಬಂಧ ಇಲ್ಲ.

ನಿಮ್ಮಲ್ಲಿ ಸಂಬಂಧ ಬರುವುದು ನಕಲು ನೇರವಾಗಿ ಇಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಮಲ್ಲಿಗೆಹಳ್ಳಿ · ಮಂಗಳವಾರ, ರಾತ್ರಿ 9:15

ಯಾರೂ ಬ್ಲಾಕ್ ಸೈಜ್ ಬಗ್ಗೆ ಹೇಳಿಲ್ಲ. ನಾನು ಅನುಭವಿಸಿದ್ದನ್ನು ಹೇಳಲೇಬೇಕು.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ವೇಗ ಬರಲಿ ಅಂತ ಬ್ಲಾಕ್ ಸೈಜನ್ನು 1 ಎಂಬಿ ಮಾಡಿದ್ದೆವು. ಬ್ಯಾಕಪ್ ಚೆನ್ನಾಗಿಯೇ ಓಡಿತು. ವರ್ಷಕ್ಕೊಮ್ಮೆ ಇನ್ನೊಂದು ಊರಿನಲ್ಲಿ ರೀಸ್ಟೋರ್ ಪರೀಕ್ಷೆ ಮಾಡುವ ನಿಯಮ ಇತ್ತು. ಟೇಪುಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಅಲ್ಲಿದ್ದದ್ದು ಹಳೆಯ ಸರ್ವರ್, ಡ್ರೈವ್ ಸೇರಿಸುವ ಕಾರ್ಡೂ ಹಳೆಯದು. ಒಂದು ಸಲಕ್ಕೆ ಅಷ್ಟು ದೊಡ್ಡ ಬ್ಲಾಕ್ ಎಳೆಯಲು ಅದಕ್ಕೆ ಆಗಲಿಲ್ಲ. ಟೇಪು ಒಳ್ಳೆಯದು, ಡ್ರೈವ್ ಒಳ್ಳೆಯದು, ಡೇಟಾ ಅಲ್ಲೇ ಇದೆ, ಆದರೆ ಓದಲಾಗುತ್ತಿಲ್ಲ. ಆ ರಾತ್ರಿಯ ಸಂಕಟ ಇನ್ನೂ ಮರೆತಿಲ್ಲ. ಬೇರೆ ಕಾರ್ಡ್ ತರಿಸಿ ಹಾಕಿದ ಮೇಲೆ, ಎರಡನೇ ದಿನ ಸಂಜೆ ಓದಿತು.

ಇದರಲ್ಲಿ ತಿಳಿಯಬೇಕಾದದ್ದು ಇಷ್ಟು. ಬ್ಲಾಕ್ ಸೈಜ್ ತೀರ್ಮಾನ ಆಗುವುದು ವರ್ಚುಯಲ್ ಟೇಪಿಗೆ ಬರೆಯುವ ಹೊತ್ತಿನಲ್ಲೇ. ಬಾಕ್ಸ್ ನೇರ ನಕಲು ಮಾಡುವಾಗ ಆ ಬ್ಲಾಕುಗಳು ಇದ್ದ ಹಾಗೇ ಅಸಲಿ ಟೇಪಿಗೆ ಹೋಗುತ್ತವೆ. ಆಮೇಲೆ ಬದಲಿಸಲು ಆಗುವುದಿಲ್ಲ. ಹಾಗಾಗಿ ಇಂದು ಬರೆಯುವ ಸರ್ವರ್ ನೋಡಿದರೆ ಸಾಲದು. ನಾಳೆ ಆ ಅಸಲಿ ಟೇಪನ್ನು ಓದಬೇಕಾದ ಅತಿ ಬಡ ಸರ್ವರ್ ಯಾವುದೋ ಅದನ್ನು ನೋಡಿ ಸೈಜ್ ಹಾಕಬೇಕು.

ನಾನು ಈಗ ಎಲ್ಲ ಕಡೆ 256 ಕೆಬಿ ಇಡುತ್ತೇನೆ. 64 ಕೆಬಿಯಲ್ಲಿ 12 ಟಿಬಿ ಟೇಪು ತುಂಬಲು ಸುಮಾರು 18.3 ಕೋಟಿ ಬ್ಲಾಕ್ ಬೇಕು. 256 ಕೆಬಿಯಲ್ಲಿ 4.6 ಕೋಟಿ ಸಾಕು. ಅಷ್ಟು ಇಳಿದರೆ ಡ್ರೈವ್‌ಗೆ ಸಾಕಷ್ಟು ಹಗುರ. ಅಲ್ಲಿಂದ 1 ಎಂಬಿಗೆ ಹೋಗಿ ಸಿಗುವ ಲಾಭ ನನ್ನ ಕಡೆ ಆ ಅಪಾಯಕ್ಕೆ ತಕ್ಕಷ್ಟು ಇರಲಿಲ್ಲ. ಬಾಕ್ಯುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರಿದ್ದರೆ ಗಮನಿಸಿ, ಅದರ ಹಳೆಯ ಡೀಫಾಲ್ಟ್ 64512 ಬೈಟ್. ಅಂದರೆ 63 ಕೆಬಿ. ನಡುವೆ ಬದಲಿಸಿದರೆ ಹಳೆಯ ಟೇಪು ಓದುವಾಗ ತೊಂದರೆ ಬರುತ್ತದೆ. ಬದಲಿಸುವುದಿದ್ದರೆ ಹೊಸ ಪೂಲ್ ಮಾಡಿ ಅಲ್ಲಿಂದ ಶುರು ಮಾಡಿ.

ಕಡಲತಡಿ · ಮಂಗಳವಾರ, ರಾತ್ರಿ 9:50

ಈಗಾಗಲೇ ಬರೆದ ಟೇಪಿನಲ್ಲಿ ಬ್ಲಾಕ್ ಸೈಜ್ ಎಷ್ಟಿದೆ ಅಂತ ನೋಡುವುದು ಹೇಗೆ?

ಮಲ್ಲಿಗೆಹಳ್ಳಿ · ಮಂಗಳವಾರ, ರಾತ್ರಿ 10:05

ಲಿನಕ್ಸ್ ಇದ್ದರೆ ಸುಲಭ. ಡ್ರೈವನ್ನು ವೇರಿಯಬಲ್ ಬ್ಲಾಕ್ ಮೋಡ್‌ನಲ್ಲಿಡಿ, ಅಂದರೆ ಬ್ಲಾಕ್ ಯಾವ ಅಳತೆಯದಾದರೂ ಓದುವ ಹಾಗೆ. ಎಂಟಿ (mt) ಕಮಾಂಡಿನಲ್ಲಿ ಸೆಟ್‌ಬ್ಲಾಕ್ (setblk) ಸೊನ್ನೆ ಅಂದರೆ ಅದೇ. ಟೇಪನ್ನು ರಿವೈಂಡ್ ಮಾಡಿ. ಮೊದಲ ಲೇಬಲ್ ಬ್ಲಾಕ್ ಸಣ್ಣದಿರಬಹುದು, ಹಾಗಾಗಿ ಒಂದು ಫೈಲ್‌ಮಾರ್ಕ್ (ಒಂದು ಫೈಲ್ ಮುಗಿಯಿತು ಅನ್ನುವ ಗುರುತು) ಮುಂದೆ ಹೋಗಿ. ಆಮೇಲೆ ಡಿಡಿ (dd) ಕಮಾಂಡಿನಲ್ಲಿ ಬಿಎಸ್ (bs, ಒಂದು ಸಲಕ್ಕೆ ಓದುವ ಅಳತೆ) 1 ಎಂಬಿ ಕೊಟ್ಟು, ಒಂದೇ ಒಂದು ಬ್ಲಾಕ್ ಫೈಲಿಗೆ ಓದಿ. ಬಂದ ಫೈಲ್ ಎಷ್ಟು ಬೈಟ್ ಇದೆಯೋ ಅದೇ ಟೇಪಿನ ಬ್ಲಾಕ್ ಸೈಜ್. 262144 ಬಂದರೆ 256 ಕೆಬಿ. ಸಾಫ್ಟ್‌ವೇರ್ ತನ್ನ ತಲೆಬರಹವನ್ನು ಸಣ್ಣ ಬ್ಲಾಕಿನಲ್ಲಿ ಬರೆಯುವುದುಂಟು, ಅದಕ್ಕೆ ಮುಂದಿನ ಎರಡು ಮೂರು ಬ್ಲಾಕನ್ನೂ ಓದಿ ನೋಡಿ.

ನೀವು ಕೊಟ್ಟ ಬಿಎಸ್ ಟೇಪಿನ ಬ್ಲಾಕಿಗಿಂತ ಸಣ್ಣದಾದರೆ ಮೆಮೊರಿ ಸಿಗಲಿಲ್ಲ ಅಂತ ಎರರ್ ಬರುತ್ತದೆ. ನೋಡಿದರೆ ಸರ್ವರಿನ ಮೆಮೊರಿ ಕಡಿಮೆಯಾಯಿತು ಅನ್ನಿಸುತ್ತದೆ. ಅದಲ್ಲ, ದೊಡ್ಡ ಬ್ಲಾಕಿಗೆ ಸಣ್ಣ ಪಾತ್ರೆ ಹಿಡಿದಿದ್ದೀರಿ ಅಂತ ಅರ್ಥ. ಹೆಸರು ಎನ್ಎಸ್‌ಟಿಯಿಂದ ಶುರುವಾಗುವ ಡಿವೈಸ್ ಬಳಸಿ. ಎಸ್‌ಟಿ ಬಳಸಿದರೆ ಪ್ರತಿ ಸಲ ತಾನೇ ರಿವೈಂಡ್ ಆಗಿಬಿಡುತ್ತದೆ.

ರ‍್ಯಾಕ್7 · ಬುಧವಾರ, ಬೆಳಿಗ್ಗೆ 9:30

ಹಳೇಟೇಪು ಸರ್, ನಿಮ್ಮ ಮಾತು ಸರಿ. ನಮ್ಮ ಬಾಕ್ಸಿನಲ್ಲಿ ನಿನ್ನೆ ನೋಡಿದೆ. ಅರ್ಧಕ್ಕೆ ಅರ್ಧ ಟೇಪು ಒಂದೊಂದು ಬ್ಯಾಕಪ್ ಹಿಡಿದುಕೊಂಡು ಕೂತಿವೆ. ನಾವೂ ಸಣ್ಣದು ಮಾಡುತ್ತೇವೆ.

ಬಾರ್‌ಕೋಡ್ ಬಗ್ಗೆ ನನ್ನ ಕಡೆಯಿಂದ ಒಂದು ಎಚ್ಚರಿಕೆ. ಬಾರ್‌ಕೋಡಿನಲ್ಲಿ ಎಂಟು ಅಕ್ಷರ. ನಮ್ಮ ಸಾಫ್ಟ್‌ವೇರಿನ ಮೀಡಿಯಾ ಹೆಸರಿನಲ್ಲಿ ಆರೇ ಅಕ್ಷರ. ಅದು ಕೊನೆಯ ಆರನ್ನು ತೆಗೆದುಕೊಳ್ಳುತ್ತಿತ್ತು. ವರ್ಚುಯಲ್‌ಗೆ ವಿಟಿ0001ಎಲ್8, ಅಸಲಿಗೆ ಪಿಟಿ0001ಎಲ್8 ಅಂತ ಇಟ್ಟಿದ್ದೆವು. ಎರಡರ ಕೊನೆಯ ಆರೂ ಒಂದೇ! ಒಂದು ಟೇಪಿಗೆ ಇನ್ನೊಂದರ ಹೆಸರು. ಕ್ಯಾಟಲಾಗ್ (ಯಾವ ಟೇಪಿನಲ್ಲಿ ಏನಿದೆ ಅನ್ನುವ ಪಟ್ಟಿ) ಗೋಜಲಾಗಿ ಮೂರು ದಿನ ಹೋಯಿತು. ಮೊದಲ ಆರು ಅಕ್ಷರ ತೆಗೆದುಕೋ ಅಂತ ನಿಯಮ ಬದಲಿಸಿ ಸರಿಮಾಡಿದೆವು. ಸಾಫ್ಟ್‌ವೇರ್ ಮೂಲಕ ನಕಲು ಮಾಡುವವರು ವರ್ಚುಯಲ್ ಟೇಪಿಗೂ ಅಸಲಿ ಟೇಪಿಗೂ ಬೇರೆ ಮೀಡಿಯಾ ಟೈಪ್ ಕೊಟ್ಟುಬಿಡಿ. ಆಗ ಒಂದರ ಜಾಬ್ ಇನ್ನೊಂದರ ಡ್ರೈವಿಗೆ ಹೋಗುವುದೇ ಇಲ್ಲ.

ಕಡಲತಡಿ · ಬುಧವಾರ, ರಾತ್ರಿ 8:20

ಹೊಸ ವರ್ಚುಯಲ್ ಲೈಬ್ರರಿ ಮಾಡಿದೆ. ಎಲ್‌ಟಿಒ-8, 10600, ಕಂಪ್ರೆಷನ್ ಆಫ್, 256 ಕೆಬಿ. ಪರೀಕ್ಷೆಗೆ ಅಂತ ಎರಡು ಟೇಪನ್ನು ಎರಡು ಡ್ರೈವಿಗೂ ಒಟ್ಟಿಗೆ ಇಳಿಸಲು ಬಿಟ್ಟಿದ್ದೇನೆ. ಒಂದೊಂದರ ವೇಗ ಸೆಕೆಂಡಿಗೆ 80–90 ಎಂಬಿ ಮಾತ್ರ. ಡ್ರೈವ್ 360 ಮಾಡಬಲ್ಲದು ಅಂತ ಓದಿದ್ದೆ. ಲೈಬ್ರರಿ ಹತ್ತಿರ ನಿಂತರೆ ಟೇಪು ಹಿಂದೆ ಮುಂದೆ ಓಡುವ ಸದ್ದು ಕೇಳುತ್ತದೆ.

ಸಾಧನಕೇರಿ · ಬುಧವಾರ, ರಾತ್ರಿ 8:45

ಆ ಸದ್ದು ಒಳ್ಳೆಯದಲ್ಲ. ಒಂದು ಡ್ರೈವ್ ನಿಲ್ಲಿಸಿಬಿಡಿ.

ಟೇಪು ಜೋರಾಗಿ ಓಡುತ್ತಿರುತ್ತದೆ. ಡೇಟಾ ಬರುವುದು ನಿಂತರೆ ಅದು ತಟ್ಟನೆ ನಿಲ್ಲಲಾರದು. ಸ್ಟಾಪ್ ದಾಟಿ ಮುಂದೆ ಹೋದ ಬಸ್ಸಿನ ಹಾಗೆ. ಹಿಂದಕ್ಕೆ ಬರಬೇಕು, ಮತ್ತೆ ಓಟ ಹಿಡಿಯಬೇಕು, ಬಿಟ್ಟ ಜಾಗಕ್ಕೆ ಸರಿಯಾಗಿ ಬಂದಾಗ ಬರೆಯಬೇಕು. ಇದು ಮತ್ತೆ ಮತ್ತೆ ಆದರೆ ವೇಗವೂ ಹೋಯಿತು, ಟೇಪೂ ಹೆಡ್ಡೂ ಸವೆಯಿತು. ಇದಕ್ಕೆ ಶೂ ಶೈನಿಂಗ್ ಅನ್ನುತ್ತಾರೆ, ಬೂಟು ತಿಕ್ಕುವ ಬಟ್ಟೆಯ ಹಾಗೆ ಟೇಪು ಅತ್ತಿತ್ತ ಓಡುತ್ತದಲ್ಲ, ಅದಕ್ಕೆ. ಈಗಿನ ಡ್ರೈವುಗಳು ಡೇಟಾ ನಿಧಾನವಾದರೆ ತಾವೂ ನಿಧಾನವಾಗುತ್ತವೆ. ಆದರೆ ಅದಕ್ಕೂ ಒಂದು ತಳ ಇದೆ. ಎಲ್‌ಟಿಒ-8ರಲ್ಲಿ ಅದು ಪೂರ್ತಿ ವೇಗದ ಮೂರನೇ ಒಂದು ಭಾಗದ ಆಸುಪಾಸು. ನಿಮ್ಮ 80–90 ಆ ತಳಕ್ಕಿಂತ ಕೆಳಗಿದೆ. ಡೇಟಾ ಕುಗ್ಗುವಂಥದ್ದಾದರೆ ಟೇಪಿಗೆ ಮುಟ್ಟುವುದು ಇನ್ನೂ ಕಡಿಮೆ.

ತಪ್ಪು ಡ್ರೈವಿನದಲ್ಲ. ಡಿಡ್ಯೂಪ್ ಬಾಕ್ಸಿನಲ್ಲಿ ಒಂದು ಬ್ಯಾಕಪ್ ಡಿಸ್ಕಿನ ತುಂಬ ತುಂಡು ತುಂಡಾಗಿ ಹರಡಿರುತ್ತದೆ. ಇಳಿಸುವಾಗ ಎಲ್ಲವನ್ನೂ ಹೆಕ್ಕಿ ಜೋಡಿಸಿ ಕೊಡಬೇಕು. ಬರೆಯುವಾಗಿನ ವೇಗ ಓದುವಾಗ ಇರುವುದಿಲ್ಲ. ಒಂದೇ ಡ್ರೈವಿಗೆ ಇಡೀ ಬಾಕ್ಸಿನ ಶಕ್ತಿ ಕೊಡಿ. ಬಾಕ್ಸ್ ತನ್ನ ಕಸ ಗುಡಿಸುವ ಕೆಲಸ (ಬೇಡವಾದ ಡೇಟಾ ಅಳಿಸುವುದು) ಯಾವಾಗ ಮಾಡುತ್ತದೆ ನೋಡಿ, ಆ ಹೊತ್ತು ಬಿಟ್ಟು ಇಳಿಸಿ.

ಕಲಿಯುವವ · ಬುಧವಾರ, ರಾತ್ರಿ 10:30

ನಾನು ತುಮಕೂರಿನಲ್ಲಿ ಓದುತ್ತಿದ್ದೇನೆ. ಕ್ಲೌಡ್ ಇರುವಾಗ ಟೇಪು ಇನ್ನೂ ಯಾಕೆ ಬೇಕು ಅಂತ ಕೇಳಬಹುದಾ? ಇದನ್ನು ಲ್ಯಾಪ್‌ಟಾಪಿನಲ್ಲಿ ಕಲಿಯುವ ದಾರಿ ಇದೆಯಾ?

ಹಳೇಟೇಪು · ಗುರುವಾರ, ಬೆಳಿಗ್ಗೆ 7:30

ಕೇಳಬೇಕು, ಒಳ್ಳೆಯ ಪ್ರಶ್ನೆ. 2011ರ ಫೆಬ್ರವರಿಯಲ್ಲಿ ಜಿಮೇಲ್‌ನಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಕೆಲವರ ಮೇಲ್ ಎಲ್ಲ ಮಾಯವಾಗಿತ್ತು. ಬಳಕೆದಾರರಲ್ಲಿ 0.02 ಶೇಕಡಾ. ಗೂಗಲ್ ಹಲವು ಡೇಟಾ ಸೆಂಟರಿನಲ್ಲಿ ಪ್ರತಿ ಇಟ್ಟಿತ್ತು. ಆದರೆ ದೋಷ ಆ ಪ್ರತಿಗಳನ್ನೂ ಮುಟ್ಟಿತು. ಕೊನೆಗೆ ವಾಪಸ್ ತಂದದ್ದು ಟೇಪಿನಿಂದ. ಟೇಪು ಶೆಲ್ಫಿನಲ್ಲಿರುತ್ತದೆ, ತಂತಿಗೆ ಸೇರಿರುವುದಿಲ್ಲ. ದೋಷವಾಗಲಿ, ಹಣ ಕೇಳುವ ವೈರಸ್ ಆಗಲಿ ಅಲ್ಲಿಗೆ ಹೋಗಲಾರದು.

ಕಲಿಯಲು ಎಂಎಚ್‌ವಿಟಿಎಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಲಿನಕ್ಸ್ ಮೇಲೆ ಓಡುತ್ತದೆ. ಡ್ರೈವಿನ ಜಾತಿ, ಸ್ಲಾಟ್, ಬಾರ್‌ಕೋಡ್ ಎಲ್ಲವನ್ನೂ ಸಾದಾ ಫೈಲಿನಲ್ಲಿ ಬರೆದು ಬೇಕಾದ ಲೈಬ್ರರಿ ಮಾಡಿಕೊಳ್ಳಬಹುದು. ಟೇಪಿನ ಅಳತೆ ಡೀಫಾಲ್ಟ್ ಆಗಿ 500 ಎಂಬಿ ಮಾತ್ರ ಇರುತ್ತದೆ, ಬೇಗ ತುಂಬಿತು ಅಂತ ಗಾಬರಿಯಾಗಬೇಡ. ಬೇಗ ತುಂಬುವುದು ಕಲಿಯಲು ಒಳ್ಳೆಯದೇ. ಟೇಪು ತುಂಬಿ ಇನ್ನೊಂದಕ್ಕೆ ಹೋಗುವುದನ್ನು ಐದು ನಿಮಿಷದಲ್ಲಿ ನೋಡಬಹುದು. ನಾವು ಆಫೀಸಿನಲ್ಲಿ ಏನೇ ಬದಲಿಸುವ ಮೊದಲು ಅದರಲ್ಲಿ ಮಾಡಿ ನೋಡುತ್ತೇವೆ.

ಕಡಲತಡಿ · ಶುಕ್ರವಾರ, ರಾತ್ರಿ 9:00

ಒಂದೇ ಡ್ರೈವಿನಲ್ಲಿ ಬಿಟ್ಟೆ. ಸೆಕೆಂಡಿಗೆ 170 ಎಂಬಿ ಬಂತು! ಸದ್ದು ನಿಂತಿದೆ. ಸ್ಕ್ಯಾನ್ ದಾಖಲೆಗಳಿಂದಲೇ ತುಂಬಿದ ಟೇಪು ಕೊಟ್ಟಿದ್ದೆ. ಹದಿನೆಂಟೂವರೆ ಗಂಟೆ ಹಿಡಿಯಿತು. ಕೊನೆಯ ತನಕ ಇಳಿಯಿತು, ಎರರ್ ಇಲ್ಲ. ಎರಡು ವರ್ಷದಲ್ಲಿ ತುಂಬಿದ ಸ್ಕ್ಯಾನ್ ಟೇಪು ಪೂರ್ತಿ ಇಳಿದದ್ದು ಇದೇ ಮೊದಲು. ತಿಂಗಳಿಗೆ ಎರಡೇ ಟೇಪು ಲಾಕರಿಗೆ ಹೋಗುವುದು, ಶನಿವಾರ ಭಾನುವಾರ ಸಾಕು.

ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವಾರ ಹಳೆಯ ಎಲ್‌ಟಿಒ-6 ಲೈಬ್ರರಿಯನ್ನು ಗುಜರಿಗೆ ಕೊಡುವುದು ಅಂತ ಅಕೌಂಟ್ಸ್‌ನವರು ಹೇಳಿದ್ದಾರೆ. ಜಾಗವೂ ಖಾಲಿಯಾಗುತ್ತದೆ.

ಮಲ್ಲಿಗೆಹಳ್ಳಿ · ಶುಕ್ರವಾರ, ರಾತ್ರಿ 9:08

ಬೇಡ! ಲಾಕರಿನಲ್ಲಿ ಎಲ್‌ಟಿಒ-6 ಟೇಪು ಎಷ್ಟಿವೆ?

ಕಡಲತಡಿ · ಶುಕ್ರವಾರ, ರಾತ್ರಿ 9:12

ಅರವತ್ತರ ಮೇಲಿವೆ. ಕೆಲವನ್ನು ಎಂಟು ವರ್ಷ ಇಡಬೇಕು.

ಮಲ್ಲಿಗೆಹಳ್ಳಿ · ಶುಕ್ರವಾರ, ರಾತ್ರಿ 9:25

ಹಾಗಾದರೆ ಆ ಡ್ರೈವ್ ನಿಮಗೆ ಬೇಕೇ ಬೇಕು ಮಾರಾಯ್ರೆ. ಎರಡು ತಲೆಮಾರು ಹಿಂದಿನ ಟೇಪನ್ನು ಓದುವ ಪದ್ಧತಿ ಎಲ್‌ಟಿಒ-7ರ ತನಕ ಮಾತ್ರ ಇತ್ತು. 8ರಲ್ಲಿ ಅದು ನಿಂತಿತು. ಎಲ್‌ಟಿಒ-8 ಡ್ರೈವ್ ಓದುವುದು 7 ಮತ್ತು 8 ಮಾತ್ರ. ನಿಮ್ಮ ಅರವತ್ತು ಟೇಪಿನಲ್ಲಿ ಒಂದನ್ನೂ ಹೊಸ ಲೈಬ್ರರಿ ಓದುವುದಿಲ್ಲ.

ಎರಡು ದಾರಿ ಇದೆ. ಹಳೆಯ ಲೈಬ್ರರಿಯಿಂದ ಕನಿಷ್ಠ ಒಂದು ಡ್ರೈವ್ ಉಳಿಸಿಕೊಂಡು, ಒಂದು ಸರ್ವರಿಗೆ ಸೇರಿಸಿ, ಆರು ತಿಂಗಳಿಗೊಮ್ಮೆ ಒಂದು ಟೇಪು ಓದಿಸುತ್ತಿರಿ. ಇಲ್ಲವೇ ಬೇಕಾದ ಟೇಪುಗಳನ್ನು ಈಗಲೇ ಹಳೆಯ ಡ್ರೈವಿನಿಂದ ಬಾಕ್ಸಿಗೆ ಏರಿಸಿ, ಎಲ್‌ಟಿಒ-8ಕ್ಕೆ ಮತ್ತೆ ಇಳಿಸಿ. ಎಂಟು ವರ್ಷ ಇಡಬೇಕಾದವನ್ನು ಏರಿಸಿ ಇಳಿಸುವುದೇ ಒಳ್ಳೆಯದು. ಏರಿಸುವಾಗ ಹೊಸ ಬಾರ್‌ಕೋಡ್ ಬರುತ್ತದೆ, ಸಾಫ್ಟ್‌ವೇರ್ ಮೂಲಕವೇ ನಕಲು ಮಾಡಿ, ಕ್ಯಾಟಲಾಗಿಗೆ ಗೊತ್ತಿರಲಿ.

ಹಳೇಟೇಪು · ಶುಕ್ರವಾರ, ರಾತ್ರಿ 10:40

ಇದನ್ನು ನಾನೇ ಮೊದಲ ದಿನ ಕೇಳಬೇಕಿತ್ತು. ಒಳ್ಳೆಯ ಕೆಲಸ ಮಾಡಿದಿರಿ ಮಲ್ಲಿಗೆಹಳ್ಳಿ.

ಮಂಗಳೂರು ಅಂದಿರಿ, ಹಾಗಾಗಿ ಇನ್ನೊಂದು. ಬಹಳ ವರ್ಷ ಇಡುವ ಎಲ್‌ಟಿಒ ಟೇಪಿಗೆ 16ರಿಂದ 25 ಡಿಗ್ರಿ, ತೇವಾಂಶ ನೂರಕ್ಕೆ 20ರಿಂದ 50 ಅಂತ ಹೇಳಿದ್ದಾರೆ. ನಿಮ್ಮ ಮಳೆಗಾಲದಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಆ 50 ಯಾವತ್ತೂ ನಿಲ್ಲುವುದಿಲ್ಲ. ಲಾಕರ್ ಇರುವ ಕೋಣೆಯಲ್ಲಿ ತೇವಾಂಶ ಅಳೆಯುವ ಸಣ್ಣ ಮೀಟರ್ ಇಡಿ. ಟೇಪು ತಂದ ದಿನವೇ ಡ್ರೈವಿಗೆ ಹಾಕಬೇಡಿ, ಒಂದು ದಿನ ಸರ್ವರ್ ಕೋಣೆಯ ಹವೆಗೆ ಹೊಂದಿಕೊಳ್ಳಲಿ.

ಕಡಲತಡಿ · ಮುಂದಿನ ಗುರುವಾರ, ಸಂಜೆ 5:15

ಅಕೌಂಟ್ಸ್‌ನವರ ಹತ್ತಿರ ಮಾತಾಡಿದೆ. ಮೊದಲು ಒಪ್ಪಲಿಲ್ಲ. ಅವರದ್ದೇ 2019ರ ಲೆಕ್ಕದ ಟೇಪನ್ನು ಹೊಸ ಲೈಬ್ರರಿಗೆ ಹಾಕಿ ತೋರಿಸಿದೆ. ಲೋಡ್ ಆಗಲೇ ಇಲ್ಲ. ಅದೇ ಟೇಪನ್ನು ಹಳೆಯ ಡ್ರೈವಿಗೆ ಹಾಕಿದೆ, ಫೈಲುಗಳ ಪಟ್ಟಿ ಬಂತು. ಮತ್ತೆ ಏನೂ ಹೇಳಲಿಲ್ಲ.

ಡಿಡಿಯಲ್ಲಿ ಹಳೆಯ ಟೇಪುಗಳನ್ನೂ ನೋಡಿದೆ. ಹೆಚ್ಚಿನವು 64 ಕೆಬಿ, ಕೆಲವು 256. ಹಳೆಯ ಡ್ರೈವನ್ನು ಲಾಕರ್ ಕಟ್ಟಡದ ಸರ್ವರಿಗೆ ಸೇರಿಸಿ ನೋಡಿದೆ, ಎರಡನ್ನೂ ಅದು ಓದಿತು. ಹೊಸ ಎಲ್‌ಟಿಒ-8 ಟೇಪಿನಿಂದ ಒಂದು ಫೋಲ್ಡರ್ ಬೇರೆ ಸರ್ವರಿಗೆ ರೀಸ್ಟೋರ್ ಮಾಡಿ, ಮೂಲದ ಜೊತೆ ಚೆಕ್‌ಸಮ್ ಹೋಲಿಸಿದೆ. ಸರಿ ಇದೆ. ದಿನದ ಬ್ಯಾಕಪ್‌ಗೆ 400ರ ಟೇಪಿನ ಲೈಬ್ರರಿ ಈ ವಾರದಿಂದ ಓಡುತ್ತಿದೆ.

ಎಂಟು ವರ್ಷದ ಟೇಪುಗಳು ಹದಿನಾಲ್ಕು ಇವೆ. ದಿನಕ್ಕೆ ಒಂದರಂತೆ ಏರಿಸುತ್ತಿದ್ದೇನೆ, ಇವತ್ತಿಗೆ ಮೂರು ಆಯಿತು. ಹಳೆಯ ಡ್ರೈವಿನ ಮೇಲೆ ದೊಡ್ಡ ಕಾಗದ ಅಂಟಿಸಿದ್ದೇನೆ: ಇದನ್ನು ಯಾರೂ ತೆಗೆಯಬೇಡಿ, ಲಾಕರಿನ ಟೇಪುಗಳನ್ನು ಓದುವುದು ಇದೊಂದೇ.